ಮೂರು ಗೇಣಿನ ಪೆಟ್ಟಿಗೆ

ಪಾಲಬಾವಿಯ ಗುರಪ್ಪ ಬಡಿಗೇರ ತನ್ನ ಸಾಮಾನುಗಳನ್ನೆಲ್ಲ ಎರಡು ಗೊಬ್ಬರದ ಚೀಲಗಳಿಗೆ ತುಂಬಿ, ಸುತಳಿಯಿಂದ ಬಾಯಿ ಕಟ್ಟಿ, ಗೋಡೆಗೆ ಒರಗಿಸಿಟ್ಟು ಎಂಟು ದಿನವಾಗಿತ್ತು. ಉಳಿ, ಬಾಚಿ, ಕೊಡತಿ, ಗರಗಸ, ಕಟ್ಟಿಗೆ ಹೆರೆಯುವ ನಾಲ್ಕು ನಮೂನೆಯ ರಂದಾ, ಎಲ್ಲವೂ ಅದರಲ್ಲೇ. ಮೂವತ್ತೈದು ವರ್ಷ ಮನೆ ನಡೆಸಿದ ಸಾಮಾನು ಎರಡೇ ಚೀಲದಲ್ಲಿ ಹಿಡಿಸಿದ್ದು ನೋಡಿ ಅವನಿಗೆ ಕಸಿವಿಸಿಯಾಗಿತ್ತು. ಏನಿಲ್ಲವೆಂದರೂ ಮೂರು ಚೀಲ ಆದೀತು ಅಂದುಕೊಂಡಿದ್ದ.

ದಸರೆಗಿಂತ ಮುಂಚಿನ ರವಿವಾರ ನಿಪ್ಪಾಣಿಯಿಂದ ಹಾಲಸಿದ್ದ ಟೆಂಪೋ ತಂದು ಅವನ್ನು ಒಯ್ಯುವುದೆಂದು ಮಾತಾಗಿತ್ತು. ಹಾಲಸಿದ್ದ ಹಿಂದೆ ಆರು ವರ್ಷ ಗುರಪ್ಪನ ಕೈಕೆಳಗೆ ಕೆಲಸ ಮಾಡಿದವನು. ಈಗ ನಿಪ್ಪಾಣಿಯಲ್ಲಿ ಸ್ವಂತ ಅಂಗಡಿ ಇಟ್ಟು, ಕಟ್ಟಿಗೆಯ ಪುಡಿ ಒತ್ತಿ ಮಾಡಿದ ಹಲಗೆಯಲ್ಲಿ ಕಪಾಟುಗಳನ್ನು ಕಟ್ಟಿಕೊಡುತ್ತಿದ್ದ. ಗುರಪ್ಪ ಆ ಹಲಗೆಗೆ ಬೂಸಾ ಎಂದು ಹೆಸರಿಟ್ಟಿದ್ದ. ಹಾಲಸಿದ್ದನ ಕಪಾಟಿನ ಹತ್ತಿರ ಎಮ್ಮೆ ಕಟ್ಟಬೇಡಿ, ತಿಂದುಬಿಟ್ಟೀತು ಎಂದು ಕಂಡಕಂಡವರ ಮುಂದೆ ಹೇಳಿ ನಗಿಸುತ್ತಿದ್ದ. ಅಂಥವನಿಗೇ ತನ್ನ ಉಳಿ ಬಾಚಿ ಕೊಡಲು ಒಪ್ಪಿದ್ದೇಕೆ ಎಂದರೆ, ಬೇರೆ ಯಾರು ಒಯ್ದರೂ ಹಳೆ ಕಬ್ಬಿಣದ ಮೋಡಕಾ ಅಂಗಡಿಗೆ ಹಾಕುತ್ತಾರೆ, ಇವನಾದರೆ ಗೋಡೆಗೆ ತೂಗುಹಾಕಿಯಾದರೂ ಇಟ್ಟುಕೊಳ್ಳುತ್ತಾನೆ ಎಂಬ ನಂಬಿಕೆ.

ಇಷ್ಟಕ್ಕೆಲ್ಲ ಮೂಲ ಎಡಗೈಯ ಕಿರುಬೆರಳು. ಫೆಬ್ರವರಿಯಲ್ಲಿ ಅದು ಕರೆಂಟಿನ ರಂದಾ ಮಷೀನಿಗೆ ಸಿಕ್ಕು ಬುಡಸಮೇತ ಹೋಗಿತ್ತು. ಗಾಯ ಎರಡು ತಿಂಗಳಲ್ಲಿ ಮಾಯಿತು. ಆದರೆ ಗುರಪ್ಪ ಆ ಕೈಯನ್ನು ಹೆಗಲ ಮೇಲಿನ ಟವೆಲ್ಲಿನ ತುದಿಯಲ್ಲಿ ಮುಚ್ಚಿಕೊಂಡು ಓಡಾಡುವುದನ್ನು ಬಿಡಲಿಲ್ಲ. ಯಾರಾದರೂ ಬಾಗಿಲು, ಕಿಟಕಿ ಎಂದು ಬಂದರೆ "ಕೈ ಹೋತ್ರಿ" ಎಂದು ವಾಪಸು ಕಳಿಸುತ್ತಿದ್ದ. "ಕೈ ಎಲ್ಲಿ ಹೋತು? ಹೋಗಿದ್ದು ಬೆರಳು" ಎಂದು ಅವನ ಹೆಂಡತಿ ಸುಗಂಧಾ ಒಳಗಿನಿಂದಲೇ ತಿದ್ದುತ್ತಿದ್ದಳು. ಅವಳ ತಮ್ಮ ಸಕ್ಕರೆ ಕಾರ್ಖಾನೆಯಲ್ಲಿದ್ದ. ದಸರೆ ಮುಗಿದು ಕಬ್ಬಿನ ಹಂಗಾಮು ಶುರುವಾದ ಕೂಡಲೇ ಅಲ್ಲಿ ಗೇಟು ತೆಗೆಯುವ, ಮುಚ್ಚುವ ಕೆಲಸವೊಂದನ್ನು ಭಾವನಿಗಾಗಿ ನೋಡಿಟ್ಟಿದ್ದ. ಕುರ್ಚಿ, ಕೊಡೆ, ಸೀಟಿ ಕೊಡುತ್ತಾರಂತೆ. ಗುರಪ್ಪ ಹೂಂ ಅಂದಿದ್ದ. ಅಂದ ದಿನ ಊಟ ಸೇರಿರಲಿಲ್ಲ.

ಹೀಗಿರುವಾಗ ಆ ರವಿವಾರಕ್ಕೆ ಆರು ದಿನ ಉಳಿದಿದ್ದ ಸೋಮವಾರ, ಮನೆಯ ಮುಂದೆ ಒಂದು ಸಣ್ಣ ಟೆಂಪೋ ಬಂದು ನಿಂತಿತು. ಹಿಂದೆ ತಾಡಪತ್ರಿ ಹೊದಿಸಿದ ಆಳೆತ್ತರದ ಸಾಮಾನು. ನಲವತ್ತರ ಆಸುಪಾಸಿನ, ಇಸ್ತ್ರಿ ಅಂಗಿಯ ಗೃಹಸ್ಥನೊಬ್ಬ ಇಳಿದು ಬಂದ.

"ಗುರಪ್ಪ ಮಿಸ್ತ್ರಿ ಅಂದ್ರ ನೀವ ಏನ್ರಿ?"

"ಹೌದ್ರಿ. ಏನಾಗಬೇಕಿತ್ತು?"

"ನಾ ವೃಷಭ ಅಂತ್ರಿ, ಅಥಣಿಯಾಂವ. ಬಸ್ ಸ್ಟ್ಯಾಂಡ್ ಬಾಜೂಕ ನಮ್ಮಪ್ಪಂದು ವಿಡಿಯೋ ಗೇಮಿನ ಅಂಗಡಿ ಇತ್ತಲ್ರಿ, ಇಪ್ಪತ್ತೈದು ವರ್ಷದ ಹಿಂದ. ಆ ಗೇಮಿನ ಡಬ್ಬಿ ಮಾಡಿಕೊಟ್ಟವರು ನೀವ ಅಂತ ಅಪ್ಪ ಹೇಳಿದ್ರು."

ಅವನು ತಾಡಪತ್ರಿ ಎಳೆದ. ಗುರಪ್ಪನಿಗೆ ಮೊದಲು ಗುರುತು ಸಿಗಲಿಲ್ಲ, ಆಮೇಲೆ ಸಿಕ್ಕಿತು. ತಾನು ಮಾಡಿದ ಪೆಟ್ಟಿಗೆ ಇದೇ. ಬುಡದ ಪ್ಲೈವುಡ್ಡು ನೀರುಂಡು ಉಬ್ಬಿ, ಪದರು ಪದರಾಗಿ ಬಿಚ್ಚಿಕೊಂಡಿತ್ತು. ಟೀವಿ ಕೂರುವ ಜಾಗ ಖಾಲಿಯಾಗಿತ್ತು. ಆಡುವವರು ಕೈ ಊರಿ ನಿಲ್ಲುವ, ಹಿಡಿಕೆ ಮತ್ತು ಬಟನ್ನುಗಳಿರುವ ಮುಂದಿನ ಹಲಗೆ ಹೇಳಹೆಸರಿಲ್ಲದಂತೆ ಗೆದ್ದಲಿನ ಪಾಲಾಗಿತ್ತು. ಎರಡೂ ಮಗ್ಗುಲಿನ ಕೆಂಪು ಬಣ್ಣ ಮಾತ್ರ ಅಲ್ಲಲ್ಲಿ ಉಳಿದಿತ್ತು.

ವೃಷಭ ಎಲ್ಲವನ್ನೂ ಹೇಳಿದ. ಮೊಬೈಲು ಬಂದ ಮೇಲೆ ಅಂಗಡಿ ಮುಚ್ಚಿತು. ಮೂರು ಪೆಟ್ಟಿಗೆಗಳನ್ನು ಸತ್ತಿ ಊರಿನಲ್ಲಿದ್ದ ತಮ್ಮದೇ ತೋಟದ ಮನೆಗೆ ಸಾಗಿಸಿದರು. ಎರಡು ನೀರೊಲೆಗೆ ಹೋದವು. ಮೂರನೆಯದರಲ್ಲಿ ಡ್ರಿಪ್ ಪೈಪಿನ ಸಾಮಾನು ತುಂಬಿಟ್ಟಿದ್ದರು, ಹಾಗಾಗಿ ಅದು ಬದುಕಿತು. ಕೃಷ್ಣೆಗೆ ದೊಡ್ಡ ಮಹಾಪೂರ ಬಂದ ವರ್ಷ ನಾಲ್ಕು ದಿನ ನೀರಿನಲ್ಲಿ ನಿಂತಿತ್ತು. ಈಗ ಅವನು ಚಿಕ್ಕೋಡಿಯಲ್ಲಿ ಐಸ್‌ಕ್ರೀಮಿನ ಅಂಗಡಿ ತೆರೆಯುವವನಿದ್ದಾನೆ. ಮಿರಜಿನವನೊಬ್ಬ ಹೊಸ ಸ್ಕ್ರೀನು, ಹಳೆಯ ಆಟಗಳು ಎಲ್ಲ ಕೂಡಿಸಿಕೊಡಲು ಒಪ್ಪಿದ್ದಾನೆ. ಪೆಟ್ಟಿಗೆ ಒಂದು ನೆಟ್ಟಗಾಗಬೇಕು.

"ಹೊಸಾದ ಮಾಡಸ್ರಿ. ನಾ ಕೆಲಸ ಬಿಟ್ಟೀನಿ" ಎಂದ ಗುರಪ್ಪ, ಟವೆಲ್ಲಿನಿಂದ ಕೈ ತೆಗೆಯದೆ.

"ಹೊಸಾದ ಬ್ಯಾಡ್ರಿ ನನಗ. ಈ ಡಬ್ಬಿ ಮುಂದ ನಿಂತು ಬೆಳದಾಂವ ನಾ. ಚಿಕ್ಕೋಡ್ಯಾಗ ಒಬ್ಬ ಮಿಸ್ತ್ರಿಗೆ ತೋರಿಸಿದ್ನಿ. 'ಇದನ್ನ ಒಲೀಗೆ ಹಾಕ್ರಿ ಸಾವಕಾರ್ರ, ಇದರಾಗ ಏನೂ ಉಳದಿಲ್ಲ' ಅಂದಾ."

ಗುರಪ್ಪ ಎದ್ದ. ಸಿಟ್ಟು ಬಂದರೆ ಅವನ ಮೂಗಿನ ತುದಿ ಮೊದಲು ಕೆಂಪಾಗುತ್ತಿತ್ತು, ಈಗಲೂ ಆಯಿತು. ಟೆಂಪೋದ ಹತ್ತಿರ ಹೋಗಿ, ಉಬ್ಬಿದ ಪ್ಲೈವುಡ್ಡಿನ ಸಂದಿಯಲ್ಲಿ ಬಲಗೈ ತೂರಿಸಿ ಒಳಗಿನ ಚೌಕಟ್ಟಿಗೆ ಗೆಣ್ಣಿನಿಂದ ಬಾರಿಸಿದ. ಟಣ್ ಎಂದಿತು. ಜಾಲಿ ಕಟ್ಟಿಗೆ. ಬನಹಟ್ಟಿ ಕಡೆಯಿಂದ ತರಿಸಿ, ಎರಡು ಬೇಸಿಗೆ ಒಣಗಿಸಿ ಹಾಕಿದ್ದ ಕಟ್ಟಿಗೆ ಅದು. ಹೊಳೆ ಅದರ ಕೂದಲನ್ನೂ ಕೊಂಕಿಸಿರಲಿಲ್ಲ.

"ಒಲೀಗೆ ಹಾಕಬೇಕಾದ್ದು ಅಂವನ ಬಾಯಿ. ಇಳಸ್ರಿ ಕೆಳಗ. ರವಿವಾರ ಸಂಜಿಕೆ ಬಂದು ಒಯ್ರಿ."

ಹೇಳಿದ ಮೇಲೆ ಅವನೇ ಹೌಹಾರಿದ. ಸುಗಂಧಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳು ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಅವಳಿಗೆ ಮಾತು ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಎಂಬುದು ಗೊತ್ತಿತ್ತು. ಇದೊಂದು ಮುಗಿಸಿ, ಅದೇ ದಿನ ಚೀಲಗಳನ್ನು ಹಾಲಸಿದ್ದನಿಗೆ ಕೊಟ್ಟುಬಿಡುವುದು ಎಂದು ಗುರಪ್ಪ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಬಡಿಗೇರನೆಂದ ಮೇಲೆ ಕೊನೆಯದೊಂದು ಕೆಲಸ ಇರಲೇಬೇಕಲ್ಲ, ಅದು ಇದಾಗಲಿ.

ಒಂದು ಚೀಲದ ಬಾಯಿ ಬಿಚ್ಚಿದ. ಮಂಗಳವಾರ ಇಡೀ ದಿನ ಪೆಟ್ಟಿಗೆಯನ್ನು ಬಿಡಿಬಿಡಿಯಾಗಿ ಬಿಚ್ಚುವುದರಲ್ಲೇ ಹೋಯಿತು. ಒಳಗಿನಿಂದ ಒಂದು ಬುಟ್ಟಿಯಷ್ಟು ಹೊಳೆಯ ಹೂಳು, ಇಲಿಯ ಗೂಡು, ಯಾರೋ ತುರುಕಿದ್ದ ಗುಟ್ಕಾ ಚೀಟಿಗಳು ಬಂದವು. ಎರಡು ಮಗ್ಗುಲಿನ ಹಲಗೆಗಳನ್ನು ಬಿಸಿಲಿಗೆ ಹಾಕಿದ. ಚೌಕಟ್ಟಿಗೆ ಗೆದ್ದಲಿನ ಎಣ್ಣೆ ಹಚ್ಚಿದ.

ಉಳಿಗೆ ಮೊದಲ ಏಟು ಹಾಕುವ ಮುಂಚೆ ಎಡಗೈಯ ಹಿಡಿತವನ್ನು ಎರಡು ಸಲ ಬದಲಿಸಿದ. ಎಂಟು ತಿಂಗಳ ಅಂಜಿಕೆ, ಒಂದೇ ದಿನದಲ್ಲಿ ಎಲ್ಲಿಗೆ ಹೋದೀತು? ಹತ್ತು ಏಟಾದ ಮೇಲೆ ಹಿಡಿತ ಕೂತಿತು. ನೂರು ಏಟಾದ ಮೇಲೆ ಅವನು ಅಂಜಿಕೆಯನ್ನೇ ಮರೆತುಬಿಟ್ಟ. ಕೊಳೆತ ಬುಡವನ್ನು ಕೊಯ್ದು ತೆಗೆದು ಹೊಸ ಪ್ಲೈವುಡ್ಡು ಕೂಡಿಸಿದ. ಬಿಚ್ಚಿಕೊಂಡ ಪದರುಗಳಿಗೆ ಅಂಟು ತುಂಬಿ, ಮೇಲೆ ಬೀಸುವ ಕಲ್ಲು ಹೇರಿದ. ಅದು ಅಡುಗೆ ಮನೆಯಿಂದ ಮಾಯವಾದದ್ದು ಸುಗಂಧಾಳಿಗೆ ಮರುದಿನ ಗೊತ್ತಾಯಿತು. ಬೈಯಲು ಹೊರಗೆ ಬಂದವಳು, ಗಂಡ ಟವೆಲ್ಲು ತಲೆಗೆ ಸುತ್ತಿಕೊಂಡು ಎರಡೂ ಕೈಯಿಂದ ರಂದಾ ಹೊಡೆಯುತ್ತಿರುವುದನ್ನು ನೋಡಿ ಬೈಗುಳವನ್ನು ನುಂಗಿಕೊಂಡಳು.

ಕೆಲಸ ಮಾಡುತ್ತ ಗುರಪ್ಪನಿಗೆ ಹಳೆಯದೆಲ್ಲ ನೆನಪಾಗಿ ಒಬ್ಬನೇ ನಗುತ್ತಿದ್ದ. ಇಂಥ ಪೆಟ್ಟಿಗೆಯನ್ನು ಆಗ ಅವನು ಕಣ್ಣಿನಿಂದಲೂ ನೋಡಿರಲಿಲ್ಲ. ವೃಷಭನ ಅಪ್ಪ ಅವನನ್ನು ಬಸ್ಸು ಹತ್ತಿಸಿ ಕೊಲ್ಹಾಪುರಕ್ಕೆ ಕರೆದೊಯ್ದು ಒಂದು ಗೇಮಿನ ಅಂಗಡಿಗೆ ನುಗ್ಗಿಸಿದ್ದರು. ಟೇಪು ತೆಗೆದರೆ ಮಾಲೀಕ ಹೊರಗೆ ಹಾಕುತ್ತಾನೆ. ಅದಕ್ಕೆ ಗುರಪ್ಪ ಆಡುವವನ ಸೋಗು ಹಾಕಿ, ಪೆಟ್ಟಿಗೆಯನ್ನು ತಬ್ಬಿಕೊಂಡಂತೆ ಮಾಡಿ, ಎಡಗೈಯಿಂದ ಗೇಣು ಹಾಕುತ್ತ ಹೋದ. ಅಗಲ ಮೂರು ಗೇಣು, ಎತ್ತರ ಏಳು ಗೇಣು. ಆಟ ಕಣ್ಣು ಮಿಟುಕಿಸುವುದರಲ್ಲಿ ಮುಗಿದರೂ ಅವನು ಹಿಡಿಕೆ ಬಿಡಲಿಲ್ಲ. ಹಿಂದೆ ಸರದಿ ಕಾಯುತ್ತಿದ್ದವರು ಮರಾಠಿಯಲ್ಲಿ ಅವನ ಕುಲಗೋತ್ರ ಎಲ್ಲ ಜಾಲಾಡಿದರು. ಪೂರಾ ಪೆಟ್ಟಿಗೆಯ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡೇ ಅವನು ಹೊರಗೆ ಬಿದ್ದಿದ್ದ. ಟೇಪು ಗಿರಾಕಿಗೆ ತೋರಿಸಲು, ಗೇಣು ಕಟ್ಟಿಗೆ ಕೊಯ್ಯಲು, ಇದು ಅವನು ತನ್ನ ಅಪ್ಪನಿಂದ ಕಲಿತ ರೀತಿ.

ಶನಿವಾರ ಉಳಿದದ್ದು ಮುಂದಿನ ಹಲಗೆ ಒಂದೇ. ಯಾರದೋ ಹಳೆಯ ಮನೆಯ ಬಾಗಿಲು ಬಿಚ್ಚಿದಾಗ ತಂದಿಟ್ಟಿದ್ದ ಎರಡು ಸಾಗವಾನಿ ಹಲಗೆಗಳು ಅಟ್ಟದ ಮೇಲಿದ್ದವು. ಒಂದನ್ನು ಇಳಿಸಿದ. ಚೌಕಟ್ಟಿನ್ನೂ ಬಿಡಿಬಿಡಿಯಾಗಿ ಗೋಡೆಗೆ ಒರಗಿತ್ತು, ಆದರೂ ಅದರ ಅಡ್ಡಪಟ್ಟಿಗೆ ಹಿಡಿದು ನೋಡುವ ಗರಜು ಅವನಿಗೆ ಬೀಳಲಿಲ್ಲ. ಮೂರು ಗೇಣು ಎಂಬುದು ಕೊಲ್ಹಾಪುರದಿಂದ ತಲೆಯಲ್ಲಿ ಕೂತದ್ದು. ಹಲಗೆಯ ಮೇಲೆ ಎಡಗೈ ಬಿಡಿಸಿ ಒಂದು, ಎರಡು, ಮೂರು ಎಂದು ಅಳೆದ. ಗೆರೆ ಹಾಕಿದ. ಕೊಯ್ದ. ಅಂಚಿಗೆ ರಂದಾ ಹೊಡೆದು ಕೈ ಊರಿದರೆ ನೋಯದಂತೆ ದುಂಡಗೆ ಮಾಡಿದ. ಹಿಡಿಕೆಗೆ ಒಂದು, ಬಟನ್ನುಗಳಿಗೆ ಆರು ತೂತು ಕೊರೆದ. ಪಾಲಿಶ್ ಪೇಪರು ತಿಕ್ಕಿ ತಿಕ್ಕಿ ಸಾಗವಾನಿ ಬೆಣ್ಣೆಯಂತಾಯಿತು. ಮಧ್ಯಾಹ್ನದ ಊಟಕ್ಕೆ ಸುಗಂಧಾ ಮೂರು ಸಲ ಕರೆದಳು. ಅವನು ಉಂಡಾಗ ನಾಲ್ಕು ಗಂಟೆ. ಎರಡು ರೊಟ್ಟಿ ಹೆಚ್ಚಿಗೇ ಉಂಡ.

ಸಂಜೆ ಇನ್ನೂ ಬೆಳಕಿರುವಾಗಲೇ ಪೆಟ್ಟಿಗೆ ಕೂಡಿಸಲು ನಿಂತರು. ಸುಗಂಧಾ ಒಂದು ಮಗ್ಗುಲು ಹಿಡಿದಳು. ಚೌಕಟ್ಟು ನಿಂತಿತು, ಮಗ್ಗುಲುಗಳು ನಿಂತವು, ಕೆಳಗಿನ ಜಾಲಿಯ ಅಡ್ಡಪಟ್ಟಿ ತವರಿಗೆ ಬಂದ ಮಗಳಂತೆ ತನ್ನ ಜಾಗದಲ್ಲಿ ಕೂತಿತು. ಗುರಪ್ಪ ಮುಂದಿನ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅದರ ಜಾಗಕ್ಕೆ ಇಟ್ಟ. ಹಲಗೆ ನಿಲ್ಲಲಿಲ್ಲ. ಎರಡು ಮಗ್ಗುಲಿನ ನಡುವಿಂದ ಜಾರಿ ಒಳಗೆ ಬಿದ್ದಿತು.

"ಏನಾತ್ರಿ?" ಎಂದಳು ಸುಗಂಧಾ.

ಅವನು ಹಲಗೆ ಎತ್ತಿ ಮತ್ತೆ ಹಿಡಿದ. ಎರಡೂ ಕಡೆ ಕೂಡಿಸಿದರೆ ಮೂರು ಬೆರಳಿನಷ್ಟು ಸಂದಿ. ತನ್ನ ಆಯುಷ್ಯದಲ್ಲಿ ಅವನು ಮೂರು ನೂಲಿನಷ್ಟು ತಪ್ಪಿದವನಲ್ಲ. ಎಡಗೈಯನ್ನು ಹಲಗೆಯ ಮೇಲೆ ಬಿಡಿಸಿಟ್ಟು ನೋಡಿದ. ಹೆಬ್ಬೆರಳು ಒಂದು ತುದಿಗಿತ್ತು. ಇನ್ನೊಂದು ತುದಿಗೆ ಕಿರುಬೆರಳು ಇರಬೇಕಾದಲ್ಲಿ ಉಂಗುರದ ಬೆರಳು ಇತ್ತು. ಗೇಣಿಗೆ ಒಂದು ಬೆರಳು ಕಡಿಮೆ, ಮೂರು ಗೇಣಿಗೆ ಮೂರು ಬೆರಳು. ಕೈ ಮಾತ್ರ ತನಗೇನೂ ಆಗಿಲ್ಲ ಎಂಬಂತೆ, ಹಳೆಯ ಠೀವಿಯಲ್ಲೇ ಅಳೆದು ಬಂದಿತ್ತು.

ಗುರಪ್ಪ ಬಲಗೈ ಬಿಡಿಸಿದ. ಮೂವತ್ತೈದು ವರ್ಷ ಕೊಡತಿ ಹಿಡಿದ ಆ ಕೈಯ ಕಿರುಬೆರಳು ಒಳಗೆ ಬಾಗಿಹೋಗಿತ್ತು, ಎಳೆದರೂ ನೆಟ್ಟಗಾಗಲಿಲ್ಲ. ಆ ಗೇಣು ಇನ್ನೂ ಗಿಡ್ಡ.

"ಟೇಪ್ ಐತಲ್ರಿ ಮನ್ಯಾಗ. ಅದರಾಗ ತಗೀರಿ" ಎಂದಳು ಸುಗಂಧಾ, ಮೆಲ್ಲಗೆ.

"ಟೇಪಿನ್ಯಾಗ ಅಳೀಬಹುದ, ವಿಚಾರ ಮಾಡಾಕ ಬರೂದಿಲ್ಲ ನನಗ." ಅವನು ಹಲಗೆಯನ್ನು ನೆಲಕ್ಕಿಟ್ಟ. "ಬಾಗಲಾ ಎಷ್ಟು, ತೊಟ್ಟಲಾ ಎಷ್ಟು, ಹೊರಸ ಎಷ್ಟು, ಎಲ್ಲಾ ಈ ಕೈಯಾಗ ಇತ್ತು. ನಾ ಬೆರಳು ಹೋತು ಅಂತ ತಿಳಕೊಂಡಿದ್ನಿ. ಅಳತೀನ ಹೋಗೇತಿ."

ಸುಗಂಧಾಳಿಗೆ ಈ ಸಲ ತಿದ್ದಲು ಬಾಯಿ ಬರಲಿಲ್ಲ. ಐದು ದಿನದಿಂದ ಅವಳು ಮನಸ್ಸಿನಲ್ಲೇ ದೇವರಿಗೆ ಹರಕೆ ಹೊತ್ತಿದ್ದಳು, ಈ ಮನುಷ್ಯ ಮತ್ತೆ ಟವೆಲ್ಲಿನಲ್ಲಿ ಕೈ ಮುಚ್ಚದಂತೆ ಮಾಡಪ್ಪ ಎಂದು. ಈಗ ಅವನು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ, ಹೆಗಲಿಗೆ ಹಾಕಿ, ಅದರ ತುದಿಯಲ್ಲಿ ಎಡಗೈ ಇಟ್ಟ. ಅವಳಿಗೆ ಅಳು ಬಂತು.

"ಹಾಲಸಿದ್ದಗ ಫೋನ್ ಮಾಡು. ಮುಂಜಾನೇನ ಬರಾಕ ಹೇಳು. ಆ ಸಾವಕಾರಗ ನಾನ ಹೇಳ್ತೀನಿ, ಡಬ್ಬಿ ಮಿರಜಿಗೆ ಒಯ್ಯಲಿ, ಅಲ್ಲಿ ಯಾರರೆ ಮುಗಸ್ತಾರ."

ಎಂದವನೇ ಉಳಿ ಬಾಚಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿದ. ಈ ಸಲ ಗಂಟು ಬಿಗಿಯಾಗಿತ್ತು.

ರವಿವಾರ ಎಂಟು ಗಂಟೆಗೆಲ್ಲ ಹಾಲಸಿದ್ದ ಬಂದ. ಕುಳ್ಳ ಮನುಷ್ಯ, ಅಗಲ ಹೆಗಲು, ಸೊಂಟದ ಪಟ್ಟಿಗೆ ಸಿಕ್ಕಿಸಿದ ಟೇಪು. ಬಂದವನೇ ಗುರಪ್ಪನ ಕಾಲು ಮುಟ್ಟಿ, "ಹ್ಯಾಂಗದೀರಿ ಕಾಕಾ" ಎಂದ. ಗುರಪ್ಪ ಚೀಲಗಳ ಕಡೆ ಗದ್ದ ಎತ್ತಿ ತೋರಿಸಿದ. ಸುಗಂಧಾ ಅವಲಕ್ಕಿ, ಚಹಾ ತಂದಿಟ್ಟಳು. ಹಾಲಸಿದ್ದ ಅವಲಕ್ಕಿ ತಿನ್ನುತ್ತ ಅಂಗಳದ ಪೆಟ್ಟಿಗೆಯನ್ನು ಸುತ್ತುಹಾಕಿ ನೋಡಿದ. ಕೂಡಿಕೆಯ ಮೇಲೆ ಹೆಬ್ಬೆರಳು ಆಡಿಸಿದ. ಅಂಟು ಹಾಕಿದ್ದು ಎಲ್ಲಿ ಎಂದು ಹುಡುಕಿ ಸೋತ.

"ಏನ್ ಕೆಲಸ ಕಾಕಾ ಇದು! ಕೈ ಹೋತು ಅಂತ ನೀವ ಹೇಳಿದ್ರೆಲ್ಲಾ, ಮತ್ತ ಇದನ್ನ ಯಾರು ಮಾಡಿದ್ರು?"

"ಆ ಹಲಗಿ ಇಟ್ಟ ನೋಡು. ಆಮ್ಯಾಲೆ ಹೊಗಳು."

ಹಾಲಸಿದ್ದ ತಟ್ಟೆ ಕೆಳಗಿಟ್ಟು ಸಾಗವಾನಿ ಹಲಗೆಯನ್ನು ಎತ್ತಿ ಜಾಗಕ್ಕೆ ಹಿಡಿದ. ಸಂದಿ ಕಂಡಿತು. ಅವನು ಗುರಪ್ಪನ ಮುಖ ನೋಡಿದ. ಗುರಪ್ಪ ಟವೆಲ್ಲಿನಿಂದ ಎಡಗೈ ಹೊರಗೆ ತೆಗೆದು, ಅವನ ಮುಂದೆ ಬಿಡಿಸಿ ಹಿಡಿದ.

"ಗೇಣು ಹೋತೋ ಹಾಲಸಿದ್ದ. ಮೂರು ಗೇಣಿನ ಹಲಗಿ ಕೊಯ್ಯಾಕ ಬರಲಿಲ್ಲ. ಒಯ್ಯಿ ನೀ, ಸಾಮಾನು ಒಯ್ಯಿ. ಅವನ್ನ ನೋಡಿದ್ರ ನನಗ ತಡಕೊಳ್ಳಾಕ ಆಗೂದಿಲ್ಲ."

ಹಾಲಸಿದ್ದ ಹಲಗೆಯನ್ನು ಜೋಪಾನವಾಗಿ ಗೋಡೆಗೆ ಒರಗಿಸಿ ಟೆಂಪೋದ ಹತ್ತಿರ ಹೋದ. ಚಾಲಕನ ಸೀಟಿನ ಕೆಳಗೆ ಕೈ ಹಾಕಿ, ಒಂದು ಕಡ್ಡಿ ತೆಗೆದುಕೊಂಡು ಬಂದ. ಜಾಲಿಯ ತೆಳ್ಳನೆಯ ಪಟ್ಟಿ, ಹಿಡಿದು ಹಿಡಿದು ಕರ್ರಗೆ ಮಿರುಗುತ್ತಿತ್ತು. ತುದಿಗಳಿಗೆ ಎರಡೂ ಕಡೆ ಹಿತ್ತಾಳೆಯ ತಗಡು ಹೊಡೆದಿತ್ತು, ಸವೆಯದಿರಲೆಂದು.

"ಬೈಬ್ಯಾಡ್ರಿ ಕಾಕಾ, ಒಂದು ಮಾತ ಹೇಳ್ತೀನಿ" ಎಂದು ಅವನು ತಲೆ ಕೆರೆದುಕೊಂಡ. "ನಿಮ್ಮ ಕಡೆ ಬಂದಾಗ ನನಗ ಇಪ್ಪತ್ತು ವರ್ಷ. ನೀವು ಐದು ಗೇಣು ಕೊಯ್ಯಿ ಅಂತಿದ್ರಿ, ನಾ ನನ್ನ ಗೇಣು ಹಾಕಿ ಕೊಯ್ತಿದ್ನಿ. ನನ್ನ ಕೈ ನೋಡ್ರಿಲ್ಲಿ, ಎಷ್ಟು ಐತಿ? ಪ್ರತಿ ಕಟ್ಟಿಗಿ ಗಿಡ್ಡ ಆಗ್ತಿತ್ತು. ನೀವು ಕೊಡತಿ ತಗೊಂಡು ಬೆನ್ನು ಹತ್ತತಿದ್ರಿ. ಕೈ ಸಣ್ಣದು ಅಂತ ಹೇಳಾಕ ನಾಚಿಕಿ ನನಗ. ಕಡೀಕ ಒಂದಿನ ಮಧ್ಯಾಹ್ನ ಉಂಡ ನೀವು ಹಲಗಿ ಮ್ಯಾಲೆ ಅಡ್ಡಾಗಿದ್ರಿ. ನಿದ್ದಿ ಹತ್ತಿತ್ತು. ನಿಮ್ಮ ಕೈ ಎತ್ತಿ, ಮೆತ್ತಗ ಬಿಡಿಸಿ, ಬಾಜೂಕ ಈ ಪಟ್ಟಿ ಇಟ್ಟು ಗುರುತ ಮಾಡ್ಕೊಂಡ್ನಿ. ಆ ದಿನದಿಂದ ನನ್ನ ಅಳತಿ ತಪ್ಪಿಲ್ಲ."

ಗುರಪ್ಪ ನಂಬಲಿಲ್ಲ. ನಂಬುವ ಸ್ವಭಾವವೇ ಅವನದಲ್ಲ. ಕಡ್ಡಿಯನ್ನು ಕಿತ್ತುಕೊಂಡವನಂತೆ ಇಸಿದುಕೊಂಡು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಕೆಳಗಿನ ಜಾಲಿಯ ಅಡ್ಡಪಟ್ಟಿ ಅವನ ಹಳೆಯ ಕೈ ಕೊಯ್ದದ್ದು, ಹೊಳೆಯೂ ಅದನ್ನು ಬದಲಿಸಿರಲಿಲ್ಲ. ಅದರ ಮೇಲೆ ಕಡ್ಡಿ ಇಟ್ಟ. ಒಂದು. ಉಗುರಿನಿಂದ ಗುರುತು ಮಾಡಿ ಮುಂದೆ ಸರಿಸಿದ. ಎರಡು. ಮತ್ತೆ ಸರಿಸಿದ. ಮೂರು. ಹಿತ್ತಾಳೆಯ ತುದಿ ಮಗ್ಗುಲಿನ ಹಲಗೆಗೆ ತಟ್ಟಿ ನಿಂತಿತು, ಒಂದು ಕಾಗದ ತೂರುವಷ್ಟೂ ಜಾಗವಿರಲಿಲ್ಲ.

ಅವನು ಕಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಎಡಗೈ ಬಿಡಿಸಿದ. ಹೆಬ್ಬೆರಳು ಈ ತುದಿಗೆ. ಆ ತುದಿಯಲ್ಲಿ ಒಂದು ಬೆರಳಿನಷ್ಟು ಕಡ್ಡಿ ಬರಿದಾಗಿ ಉಳಿಯಿತು. ಹಾಲಸಿದ್ದನ ಸೊಂಟದ ಟೇಪಿನ ಕಡೆ ನೋಡಿದ.

"ಟೇಪ್ ಸಿಗಸ್ಕೊಂಡು ತಿರಗತಿಯಲ್ಲೋ. ಮತ್ತ ಇದನ್ಯಾಕ ಇಟ್ಟೀದಿ?"

"ಟೇಪ್ ಗಿರಾಕಿ ಸಮಾಧಾನಕ್ರಿ. ಖಾನೆ ಎಷ್ಟ ಮ್ಯಾಲಿರಬೇಕು, ಹೆಣ್ಣಮಕ್ಕಳ ಕೈ ಎಲ್ಲಿಗೆ ಮುಟ್ಟತೈತಿ, ಬಾಗಲಾ ತಗದ್ರ ಮಾರಿಗೆ ಬಡೀತೈತೇನು, ಅದನ್ನೆಲ್ಲಾ ಇದರಾಗ ತಗೀತೀನಿ. ನೀವು ಕಲಿಸಿದ್ದು ಗೇಣಿನ್ಯಾಗ. ನನಗೂ ಟೇಪಿನ್ಯಾಗ ತಲಿ ಓಡೂದಿಲ್ಲ."

"ಈ ಫೆಬ್ರವರಿಯಿಂದ ಇತ್ತಾಗ ಎಷ್ಟ ಕಪಾಟ ಮಾಡೀದಿ?"

ಹಾಲಸಿದ್ದ ನೆನಪು ಮಾಡಿಕೊಂಡ. "ನಲವತ್ತರ ಮ್ಯಾಲಾಗ್ಯಾವ ನೋಡ್ರಿ. ನಿಪ್ಪಾಣ್ಯಾಗ ಅರ್ಧ, ಚಿಕ್ಕೋಡಿ, ರಾಯಬಾಗ. ಮೊನ್ನೆ ಕಾಗವಾಡದಾಗ ಒಂದು ಪೂರಾ ಮನಿ ಹಿಡದಿದ್ನಿ."

"ಎಲ್ಲಾ ಇದರಾಗ?"

"ಎಲ್ಲಾ ಇದರಾಗ ಕಾಕಾ. ಮತ್ತ ಯಾವುದರಾಗ?"

ಗುರಪ್ಪ ಅಲ್ಲೇ ನೆಲಕ್ಕೆ ಕೂತುಬಿಟ್ಟ. ಎಂಟು ತಿಂಗಳು ತಾನು ಕಟ್ಟೆಯ ಮೇಲೆ ಟವೆಲ್ಲು ಹೊದ್ದು ಕೂತಿದ್ದ. ಆ ಎಂಟು ತಿಂಗಳೂ ತನ್ನ ಗೇಣು ಊರೂರು ತಿರುಗಿ, ಕಂಡವರ ಅಡುಗೆ ಮನೆ, ಮಲಗುವ ಕೋಣೆ ಹೊಕ್ಕು ಕೆಲಸ ಮಾಡುತ್ತಲೇ ಇತ್ತು. ಒಂದು ದಿನವೂ ರಜೆ ಹಾಕಿರಲಿಲ್ಲ. ಬೂಸಾ, ಬೂಸಾ ಎಂದು ಅಣಕಿಸಿದ ಅಷ್ಟೂ ಕಪಾಟುಗಳ ಒಳಗೆ ಇದ್ದದ್ದು ತನ್ನದೇ ಕೈ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು, ಎರಡೂ ಸೇರಿ ಕಣ್ಣಿಂದ ಇಳಿದವು. ಒರೆಸಿಕೊಳ್ಳಲಿಲ್ಲ. ಸುಗಂಧಾ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಹಾಲಸಿದ್ದ ಮಾತ್ರ ತನ್ನಿಂದ ಏನೋ ತಪ್ಪಾಯಿತೆಂದು ಗಾಬರಿಯಾಗಿ, ಮುಗಿಸಿದ ಅವಲಕ್ಕಿಯ ತಟ್ಟೆಯನ್ನೇ ಮತ್ತೆ ಕೈಗೆತ್ತಿಕೊಂಡ.

"ಕಾಕಾ, ಈ ಕಡ್ಡಿ ನೀವ ಇಟ್ಕೋರಿ" ಎಂದ ಕೊನೆಗೆ. "ನಿಮ್ಮ ಸಾಮಾನಲ್ಲೇನ್ರಿ ಇದು?"

"ನನಗ ಕೊಟ್ಟು ನಾಳೆ ಏನರಾಗ ಕೊಯ್ತೀ? ಮತ್ತ ಗಿಡ್ಡ ಮಾಡಿ ಗಿರಾಕಿ ಕಡೆ ಬೈಸ್ಕೋತಿ. ನಿನ್ನ ಕಡೇನ ಇರಲಿ." ಗುರಪ್ಪ ಮೂಗು ಸೀನಿ ಎದ್ದು ನಿಂತ. "ನಾ ಇನ್ನೊಂದು ಕೊಯ್ಕೊಂತೀನಿ."

"ಹಂಗಾರ ಈ ಚೀಲ ಟೆಂಪೋದಾಗ..."

"ಯಾವ ಚೀಲ? ಬಿಚ್ಚು ಮದಲ ಅದನ್ನ. ಗಂಟು ಬಿಗಿ ಆಗೇತಿ, ಕೊಯ್ಯಿ. ಅಟ್ಟದ ಮ್ಯಾಲೆ ಇನ್ನೊಂದು ಸಾಗವಾನಿ ಹಲಗಿ ಐತಿ, ಇಳಸು. ಅವಲಕ್ಕಿ ತಿಂದದ್ದು ಸುಮ್ಮನ ಹೋಗಬಾರದು."

ಹಾಲಸಿದ್ದ ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದ. ಹಲಗೆ ಇಳಿಯಿತು. ಗುರಪ್ಪ ಅದಕ್ಕೂ ಮೊದಲು ಜಾಲಿಯ ಒಂದು ಪಟ್ಟಿ ಆರಿಸಿ, ಹಳೆಯ ಕಡ್ಡಿಯ ಪಕ್ಕ ಜೋಡಿಸಿ, ಎಡಗೈಯ ನಾಲ್ಕು ಬೆರಳಿನಿಂದ ಎರಡನ್ನೂ ಒತ್ತಿ ಹಿಡಿದು ಗೆರೆ ಹಾಕಿ ಕೊಯ್ದ. ನೆಟ್ಟಗೆ ಬಂತು. ಹಳೆಯ ಕಡ್ಡಿಯನ್ನು ಹಾಲಸಿದ್ದನಿಗೆ ವಾಪಸು ಕೊಟ್ಟು, ಹೊಸದನ್ನು ಸಾಗವಾನಿಯ ಮೇಲಿಟ್ಟು ಅಳೆಯತೊಡಗಿದ. ವೃಷಭ ಬರಲು ಸಂಜೆಯವರೆಗೆ ಸಮಯವಿತ್ತು, ಏಳು ತೂತು ಕೊರೆಯಬೇಕಿತ್ತು, ಅಂಚು ದುಂಡಗೆ ಮಾಡಬೇಕಿತ್ತು.

ಒಳಗೆ ಫೋನಿನ ಸದ್ದಾಯಿತು. ಸುಗಂಧಾ ಹೋಗಿ ಮಾತಾಡಿ, ಫೋನಿನ ಬಾಯಿಗೆ ಸೆರಗು ಹಿಡಿದು ಬಾಗಿಲಿಗೆ ಬಂದಳು.

"ನನ್ನ ತಮ್ಮರಿ. ಕಾರ್ಖಾನೆ ಗೇಟಿನ ಕೆಲಸಕ್ಕ ನಾಳೆ ಬಂದು ಫೋಟೋ, ಆಧಾರ ಕೊಡಬೇಕಂತ. ಏನ್ ಹೇಳಲಿ?"

ಗುರಪ್ಪ ತಲೆ ಎತ್ತಲಿಲ್ಲ. ಪೆನ್ಸಿಲ್ಲು ಬಾಯಲ್ಲಿತ್ತು. ಅದನ್ನು ತೆಗೆದು, ಮೂರನೆಯ ಗೇಣಿನ ಕೊನೆಗೆ ಗುರುತು ಹಾಕಿದ ಮೇಲೆ ಹೇಳಿದ.

"ಮಿಸ್ತ್ರಿ ಕೆಲಸದಾಗ ಅದಾನ ಅನ್ನು."